ಮುದ್ದೆ, ಅನ್ನ ಬಿಟ್ಟ ಮೇಲೆ ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ, ತಲೆ ಸುತ್ತುತ್ತದೆ. ಏನು ಮಾಡಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 47. ದಾವಣಗೆರೆಯಲ್ಲಿ ಕುಳಿತು ಲೆಕ್ಕಪತ್ರ ನೋಡುವ ಕೆಲಸ. ನಾಲ್ಕು ವರ್ಷಗಳಿಂದ ರಕ್ತದೊತ್ತಡಕ್ಕೆ ಪ್ರತಿದಿನ ಬೆಳಿಗ್ಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದರ ಪಟ್ಟಿಯ ಮೇಲೆ ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಜೈಡ್ 12.5 ಎಂದು ಬರೆದಿದೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲವಾದರೂ, ಕಳೆದ ತಪಾಸಣೆಯಲ್ಲಿ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 6.1 ಬಂದದ್ದರಿಂದ ಭಯವಾಗಿ, ಯುಗಾದಿ ಮುಗಿದ ಮರುವಾರವೇ ಪಿಷ್ಟದ ಆಹಾರ ಕಡಿಮೆ ಮಾಡುವ ನಿರ್ಧಾರ ಮಾಡಿದೆ. ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ, ದೋಸೆ, ಮಂಡಕ್ಕಿ ಎಲ್ಲವನ್ನೂ ಬಿಟ್ಟು ಈಗ 19 ದಿನಗಳಾಗಿವೆ. ಮೊಟ್ಟೆ, ಪನೀರು, ಹುರಿದ ಪಲ್ಯ, ಕಡಲೆಬೀಜ, ಸೌತೆಕಾಯಿ, ಇಷ್ಟೇ ಊಟ.

ಮೊದಲ ಎಂಟು ದಿನಗಳಲ್ಲಿಯೇ 3 ಕಿಲೋ ತೂಕ ಇಳಿದದ್ದನ್ನು ಕಂಡು ಮನೆಯವರೆಲ್ಲ ಸಂತೋಷಪಟ್ಟರು. ಆದರೆ ಅಲ್ಲಿಂದೀಚೆಗೆ ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ತಲೆ ಸಿಡಿಯತೊಡಗುತ್ತದೆ. ದೇವರ ಮನೆಯಲ್ಲಿ ನಮಸ್ಕಾರ ಮಾಡಿ ಏಳುವಾಗ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದು ನಿಲ್ಲಬೇಕಾಗುತ್ತದೆ. ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತದೆ. ನೀರು ಸಾಲುತ್ತಿಲ್ಲವೇನೋ ಎಂದು ದಿನಕ್ಕೆ ನಾಲ್ಕೂವರೆಯಿಂದ ಐದು ಲೀಟರ್ ಕುಡಿಯುತ್ತಿದ್ದೇನೆ. ಮೂತ್ರವು ನಲ್ಲಿಯ ನೀರಿನಷ್ಟೇ ತಿಳಿಯಾಗಿದ್ದರೂ ಬಾಯಿ ಒಣಗುವುದು ನಿಂತಿಲ್ಲ. ರಕ್ತದೊತ್ತಡ ಇರುವುದರಿಂದ ಇದೇ ಸಂದರ್ಭದಲ್ಲಿ ಉಪ್ಪನ್ನೂ ಬಹಳ ಕಡಿಮೆ ಮಾಡಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಇನ್ನೂ ಹೆಚ್ಚು ನೀರು ಕುಡಿಯಬೇಕೇ? ಎಳನೀರು, ಮಜ್ಜಿಗೆ, ಓಆರ್‌ಎಸ್ ಇವುಗಳಲ್ಲಿ ಯಾವುದನ್ನು ಕುಡಿದರೆ ಪಥ್ಯ ಕೆಡುವುದಿಲ್ಲ? ಪಥ್ಯ ಬಿಡುವ ಮನಸ್ಸಿಲ್ಲ, ಏಕೆಂದರೆ ನಮ್ಮ ತಂದೆಯವರು ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳುಗಳನ್ನು ಕಳೆದುಕೊಂಡದ್ದನ್ನು ಕಣ್ಣಾರೆ ನೋಡಿದವನು ನಾನು.

ಉತ್ತರ 1 (ಹರಿಹರದಿಂದ)

ನಾನೂ ಎರಡು ವರ್ಷದಿಂದ ಅನ್ನ ಕಡಿಮೆ ಮಾಡಿದ್ದೇನೆ. ಈ ಬಿಸಿಲಿನಲ್ಲಿ ಐದು ಲೀಟರ್ ನೀರು ಹೆಚ್ಚೇನೂ ಅಲ್ಲ. ಗಂಟೆಗೊಂದು ಲೋಟದಂತೆ ಇನ್ನೂ ಒಂದು ಲೀಟರ್ ಸೇರಿಸಿ ನೋಡಿ. ಉಪ್ಪನ್ನು ಮಾತ್ರ ಮತ್ತೆ ಮುಟ್ಟಬೇಡಿ, ರಕ್ತದೊತ್ತಡದವರಿಗೆ ಅದು ಶತ್ರು. ತಲೆನೋವು ಎರಡು ಮೂರು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ, ನನಗೂ ಹಾಗೆಯೇ ಆಗಿತ್ತು.

ಉತ್ತರ 2 (ಪಥ್ಯಾಹಾರ ಸಲಹೆಗಾರ್ತಿ, ದಾವಣಗೆರೆ)

ಮೇಲಿನ ಉತ್ತರ ಒಳ್ಳೆಯ ಮನಸ್ಸಿನಿಂದ ಬಂದದ್ದಾದರೂ ಪ್ರಶ್ನೆ ಕೇಳಿದವರ ಸ್ಥಿತಿಗೆ ಅದು ಅಪಾಯಕಾರಿ ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ದಯವಿಟ್ಟು ಇನ್ನೊಂದು ಲೀಟರ್ ಸೇರಿಸಬೇಡಿ. ನಿಮ್ಮ ದೇಹದಲ್ಲಿ ಕಡಿಮೆಯಾಗಿರುವುದು ಬರಿಯ ನೀರಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುವ ಉಪ್ಪು.

ಏನು ನಡೆಯುತ್ತಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾವು ತಿಂದ ಪಿಷ್ಟದ ಒಂದಂಶವನ್ನು ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ವಯಸ್ಕರ ದೇಹದಲ್ಲಿ ಇದು ಒಟ್ಟು 400ರಿಂದ 500 ಗ್ರಾಂ ಇರುತ್ತದೆ, ಮತ್ತು ಪ್ರತಿ ಗ್ರಾಂ ಗ್ಲೈಕೋಜನ್ನಿನ ಜೊತೆಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮುದ್ದೆ, ಅನ್ನ ನಿಂತ ಕೂಡಲೇ ದೇಹವು ಈ ದಾಸ್ತಾನನ್ನು ಖರ್ಚು ಮಾಡುತ್ತದೆ, ಆಗ ಅದರೊಂದಿಗಿದ್ದ ಒಂದೂವರೆ ಕಿಲೋದಷ್ಟು ನೀರೂ ಬಿಡುಗಡೆಯಾಗಿ ಹೊರಗೆ ಹೋಗುತ್ತದೆ. ನಿಮ್ಮ ಮೊದಲ ವಾರದ 3 ಕಿಲೋದಲ್ಲಿ ಹೆಚ್ಚಿನ ಪಾಲು ಕೊಬ್ಬಲ್ಲ, ನೀರು ಎಂಬುದನ್ನು ಬೇಸರವಿಲ್ಲದೆ ಒಪ್ಪಿಕೊಳ್ಳಿ.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದದ್ದು. ಪಿಷ್ಟ ಕಡಿಮೆಯಾದಾಗ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ನಿಮ್ಮ ಉದ್ದೇಶವೂ ಅದೇ ಆಗಿತ್ತು. ಆದರೆ ಸೋಡಿಯಮ್ಮನ್ನು ಹೊರಗೆ ಬಿಡದೆ ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ಹೇಳುವುದೂ ಇನ್ಸುಲಿನ್ನಿನ ಕೆಲಸಗಳಲ್ಲಿ ಒಂದು. ಅದು ಇಳಿದಾಗ ಮೂತ್ರದಲ್ಲಿ ಸೋಡಿಯಂ ಹೆಚ್ಚಾಗಿ ಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಇದು ಮೊದಲ ಎರಡು ವಾರಗಳಲ್ಲಿ ಬಹಳ ಜೋರಾಗಿರುತ್ತದೆ. ರಕ್ತನಾಳಗಳಲ್ಲಿನ ದ್ರವ ತಗ್ಗಿದ ಕಾರಣ ಎದ್ದು ನಿಂತಾಗ ಮಿದುಳಿಗೆ ರಕ್ತ ತಕ್ಷಣ ಏರುವುದಿಲ್ಲ. ನೀವು ಗೋಡೆ ಹಿಡಿಯುವುದು ಇದರಿಂದಲೇ.

ಇಷ್ಟರ ಮೇಲೆ ನೀವು ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿದ್ದೀರಿ. ಊಟದ ಉಪ್ಪನ್ನು ಕಡಿತಗೊಳಿಸಿದಿರಿ, ಉಪ್ಪನ್ನು ಮೂತ್ರದ ಮೂಲಕ ಹೊರಹಾಕುವ ಔಷಧವನ್ನು ಮುಂದುವರಿಸಿದಿರಿ (ಹೈಡ್ರೋಕ್ಲೋರೋಥಯಜೈಡ್ ಎಂದರೆ ಅದೇ), ಉಳಿದದ್ದನ್ನು ದಿನಕ್ಕೆ ಐದು ಲೀಟರ್ ಸಪ್ಪೆ ನೀರಿನಿಂದ ತೆಳುಗೊಳಿಸಿದಿರಿ. ಉಪ್ಪು ಕಡಿಮೆಯಾದ ಸಾರಿಗೆ ಕೊಡಗಟ್ಟಲೆ ನೀರು ಸುರಿದಂತಾಯಿತು. ರಕ್ತದಲ್ಲಿ ಸೋಡಿಯಂ 135ರಿಂದ 145ರ ನಡುವೆ ಇರಬೇಕು. ಅದು ಇಳಿದಾಗ ತಲೆನೋವು, ವಾಕರಿಕೆ, ಸುಸ್ತು, ಸ್ನಾಯುಸೆಳೆತ ಬರುತ್ತವೆ, ಬಹಳ ಇಳಿದರೆ ಗೊಂದಲ ಮತ್ತು ಅಪಸ್ಮಾರದವರೆಗೂ ಹೋಗಬಹುದು. ಇವೆಲ್ಲ ನಿರ್ಜಲೀಕರಣದ ಲಕ್ಷಣಗಳಂತೆಯೇ ಕಾಣುವುದರಿಂದ ಜನ ಮತ್ತಷ್ಟು ನೀರು ಕುಡಿಯುತ್ತಾರೆ. ಮೂತ್ರ ಸದಾಕಾಲ ನೀರಿನಂತೆ ತಿಳಿಯಾಗಿರುವುದು ನಿಮ್ಮ ಪಾಲಿಗೆ ಶುಭ ಸೂಚನೆಯಲ್ಲ. ತಿಳಿಹಳದಿ ಬಣ್ಣವೇ ಸರಿಯಾದ ಹದ. (ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಮೂತ್ರ ಗಾಢ ಹಳದಿಯಾಗುತ್ತದೆ. ಅವರು ಬಣ್ಣವನ್ನು ನೋಡಿ ನಿರ್ಧರಿಸಲಾಗದು.)

ಆದ್ದರಿಂದ ನಾಳೆ ಬೆಳಿಗ್ಗೆಯೇ ನಿಮಗೆ ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕಂಡು, ಪಥ್ಯದ ವಿಷಯವನ್ನು ಮುಚ್ಚಿಡದೆ ಹೇಳಿ, ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವುದು) ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಬಾಯಾರಿದಷ್ಟು ಮಾತ್ರ ಕುಡಿಯಿರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಉಪ್ಪನ್ನೂ ಚಮಚಗಟ್ಟಲೆ ತಿನ್ನಬೇಡಿ.

ಪಾನೀಯಗಳ ವಿಷಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅನ್ವಯವಾಗುವುದಾದರೂ ಈಗಲೇ ಬರೆದಿಡುತ್ತೇನೆ. ನೂರು ಗ್ರಾಂ ಮೊಸರಿನಲ್ಲಿ ನಾಲ್ಕೈದು ಗ್ರಾಂ ಪಿಷ್ಟಾಂಶವಿರುತ್ತದೆ. ಅದನ್ನು ಕಡೆದು ಎರಡು ದೊಡ್ಡ ಲೋಟ ನೀರುಮಜ್ಜಿಗೆ ಮಾಡಿ, ಚಿಟಿಕೆ ಉಪ್ಪು, ಜೀರಿಗೆ, ಕರಿಬೇವು ಹಾಕಿದರೆ ಲೋಟಕ್ಕೆ ಎರಡೂವರೆ ಗ್ರಾಮಿಗಿಂತ ಹೆಚ್ಚು ಬರುವುದಿಲ್ಲ. ನನ್ನ ಬಳಿಗೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಓಆರ್‌ಎಸ್ ಎಂದರೆ ಸಿಹಿ ಎಂದು ಹೆದರುವವರು ಬಹಳ ಜನ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ, ಅಂದರೆ 200 ಮಿಲಿಲೀಟರ್ ಲೋಟಕ್ಕೆ ಮೂರು ಗ್ರಾಮಿಗಿಂತ ಕಡಿಮೆ. ಅದನ್ನು ರುಚಿಗಾಗಿ ಸೇರಿಸಿಲ್ಲ. ಕರುಳು ಸೋಡಿಯಮ್ಮನ್ನು ಚುರುಕಾಗಿ ಒಳಗೆಳೆದುಕೊಳ್ಳಲು ಜೊತೆಗೆ ಗ್ಲೂಕೋಸ್ ಬೇಕಾಗುತ್ತದೆ. ಆದರೆ ಇದು ಭೇದಿ, ವಾಂತಿ, ಅತಿಯಾದ ಬೆವರಿನ ಸಂದರ್ಭಕ್ಕೆ ಇರುವ ಔಷಧ. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ಅದನ್ನು ಶರಬತ್ತಿನಂತೆ ದಿನವೂ ಕುಡಿಯುವುದು ತಪ್ಪು. ಪೆಟ್ಟಿಗೆಗಳಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ತಿಳಿದು ಕೊಳ್ಳಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ, ಒಂದು ಕಾಯಿಗೆ ಎಂಟು ಹತ್ತು ಗ್ರಾಂ ಸಕ್ಕರೆ. ನಿಮ್ಮ ಮಾತ್ರೆಯಲ್ಲಿರುವ ಟೆಲ್ಮಿಸಾರ್ಟನ್ ಪೊಟ್ಯಾಸಿಯಮ್ಮನ್ನು ದೇಹದಲ್ಲಿ ಉಳಿಸುವ ಗುಣದ್ದು, ಆದ್ದರಿಂದ ರಕ್ತಪರೀಕ್ಷೆಗೆ ಮುನ್ನ ಎಳನೀರು ಬೇಡ. ಕಬ್ಬಿನ ಹಾಲು, ಪಾನಕ ಇವುಗಳ ಮಾತನ್ನು ಆಡುವ ಅಗತ್ಯವೇ ಇಲ್ಲ.

ಉತ್ತರ 3 (ಚಳ್ಳಕೆರೆಯಿಂದ)

ನಾನು ತಜ್ಞೆಯಲ್ಲ, ಮನೆವಾರ್ತೆ ನೋಡಿಕೊಳ್ಳುವವಳು. ನನ್ನ ಯಜಮಾನರಿಗೂ ಹೋದ ವರ್ಷ ಇದೇ ಆಯಿತು. ಅದರಿಂದ ನನಗೆ ಅರ್ಥವಾದ ಒಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮುದ್ದೆ ಬಿಟ್ಟವರು ತಾವು ಮುದ್ದೆಯನ್ನು ಮಾತ್ರ ಬಿಟ್ಟೆವೆಂದು ತಿಳಿದಿರುತ್ತಾರೆ. ಆದರೆ ನಮ್ಮ ಕಡೆ ಮುದ್ದೆಯನ್ನು ಯಾರೂ ಬರಿದಾಗಿ ತಿನ್ನುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅನ್ನಕ್ಕೂ ಸಾರು ಬೇಕು, ಕೊನೆಗೆ ಮಜ್ಜಿಗೆ ಬೇಕು. ಮುದ್ದೆ ಎಲೆಯಿಂದ ಹೋದ ದಿನವೇ ಸಾರಿಗೂ ಮಜ್ಜಿಗೆಗೂ ಎಲೆಯಲ್ಲಿ ಜಾಗವಿಲ್ಲದಂತಾಗುತ್ತದೆ. ಹುರಿದ ಪಲ್ಯಕ್ಕೂ ಪನೀರಿಗೂ ಯಾರೂ ಸಾರು ಸುರಿದುಕೊಳ್ಳುವುದಿಲ್ಲ. ಬೆಳಗಿನ ಅಂಬಲಿಯೂ ಅದೇ ದಿನ ನಿಲ್ಲುತ್ತದೆ, ಅದರಲ್ಲಿ ಹಿಟ್ಟಿಗಿಂತ ಹೆಚ್ಚಾಗಿ ಇರುವುದು ನೀರು, ಮಜ್ಜಿಗೆ, ಉಪ್ಪು.

ಇದು ನಿಜವೇ ಎಂದು ನಾನು ಅಳೆದು ನೋಡಿದೆ. ನಾಲ್ಕು ಜನರಿಗೆ ಮಾಡುವ ಒಂದು ಲೀಟರ್ ಸಾರಿಗೆ ನಾನು ಹಾಕುವ ಉಪ್ಪು ಸುಮಾರು ಒಂದೂವರೆ ಚಮಚ, ಮನೆಯ ಸಣ್ಣ ತಕ್ಕಡಿಯಲ್ಲಿ 8 ಗ್ರಾಂ ತೂಗಿತು. ನಮ್ಮವರು ಎರಡು ಹೊತ್ತಿಗೆ ಅರ್ಧ ಲೀಟರ್ ಸಾರು ಉಣ್ಣುತ್ತಿದ್ದರು, ಅಂದರೆ ಸಾರಿನಲ್ಲಿಯೇ 4 ಗ್ರಾಂ ಉಪ್ಪು ಹೋಗುತ್ತಿತ್ತು. ಒಂದು ಪಾವು ಹಿಟ್ಟಿನ ಮುದ್ದೆಗೆ ಅದರ ಎರಡರಷ್ಟಕ್ಕೂ ಹೆಚ್ಚು ನೀರು ಎಸರಿಗೆ ಇಡುತ್ತೇವೆ, ಆ ನೀರೆಲ್ಲವೂ ಮುದ್ದೆಯೊಳಗೆ ಹೊಟ್ಟೆಗೆ ಸೇರುತ್ತಿತ್ತು. ಸಾರು, ಮುದ್ದೆಯ ನೀರು, ಅನ್ನದ ನೀರು, ಅಂಬಲಿ, ಮಜ್ಜಿಗೆ ಎಲ್ಲವನ್ನೂ ಕೂಡಿಸಿದರೆ ಒಂದೂವರೆ ಲೀಟರಿಗೆ ಕಡಿಮೆಯಿರಲಿಲ್ಲ. ಇಷ್ಟನ್ನೂ ಒಂದೇ ದಿನ ನಿಲ್ಲಿಸಿ, ಅದರ ಬದಲಿಗೆ ಸಪ್ಪೆ ನೀರಿನ ಬಾಟಲಿಯನ್ನು ಕೈಗೆ ಕೊಟ್ಟರೆ ದೇಹ ಹೇಗೆ ತಾಳಿಕೊಳ್ಳಬೇಕು?

ಆಮೇಲೆ ನಾನು ಮಾಡಿದ್ದು ಇಷ್ಟೇ: ಮುದ್ದೆಯನ್ನು ಮಾತ್ರ ಬಿಡಿಸಿ ಸಾರನ್ನು ಮರಳಿ ತಂದೆ. ದಂಟು, ಹರಿವೆ, ಕಿರಕಸಾಲೆ, ಯಾವ ಸೊಪ್ಪು ಸಿಕ್ಕಿತೋ ಅದನ್ನು ಬೇಯಿಸಿ ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಮೆಣಸು, ಸ್ವಲ್ಪ ಹುಣಸೆ ಹಾಕಿದ ಬಸ್ಸಾರನ್ನು ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಕುಡಿಯಲು ಕೊಡುತ್ತೇನೆ. ಕಾಳಿನ ಕಟ್ಟಿನಲ್ಲಿ ಪಿಷ್ಟ ಹೆಚ್ಚೆಂದು ಸೊಪ್ಪಿನ ಕಟ್ಟನ್ನೇ ಆರಿಸಿಕೊಂಡೆ. ಸೊಪ್ಪು ಬೆಂದಾಗ ಅದರ ಪೊಟ್ಯಾಸಿಯಮ್ಮಿನಲ್ಲಿ ಬಹಳಷ್ಟು ನೀರಿಗೆ ಇಳಿಯುತ್ತದೆ, ಅದನ್ನು ಚೆಲ್ಲಿದರೆ ನಷ್ಟ. ಹುರಿದ ಪಲ್ಯಗಳನ್ನು ಕಡಿಮೆ ಮಾಡಿ ಸೋರೆಕಾಯಿ, ಬೂದುಗುಂಬಳ, ಹೀರೆಕಾಯಿ, ಮೂಲಂಗಿಗಳ ನೀರು ನೀರಾದ ಪಲ್ಯ ಮಾಡುತ್ತೇನೆ. ಇವುಗಳಲ್ಲಿ ನೂರಕ್ಕೆ 95 ಭಾಗದಷ್ಟು ನೀರೇ ಇರುತ್ತದೆ. ಅವರ ಕಾಲುಸೆಳೆತ ಐದಾರು ದಿನಗಳಲ್ಲಿ ನಿಂತಿತು. ಅವರಿಗೆ ರಕ್ತದೊತ್ತಡವಿಲ್ಲ, ಮಾತ್ರೆಯೂ ಇಲ್ಲ. ಆದ್ದರಿಂದ ಪ್ರಶ್ನೆ ಕೇಳಿದ ಅಣ್ಣನವರು ಮೊದಲು ವೈದ್ಯರ ಮಾತು ಕೇಳಲಿ, ಆಮೇಲೆ ನನ್ನ ಬಸ್ಸಾರು.

ಉತ್ತರ 4 (ವೈದ್ಯ, ಚಿತ್ರದುರ್ಗ)

ಉತ್ತರ 2ರಲ್ಲಿ ಹೇಳಿರುವುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಉತ್ತರ 3ನ್ನು ಓದಿ ನನ್ನ ರೋಗಿಗಳ ಬಳಿ ಇನ್ನು ಮುಂದೆ ಸಾರಿನ ವಿಷಯವನ್ನು ಕೇಳಲೇಬೇಕೆಂದುಕೊಂಡೆ. ಮಾತ್ರೆಗಳ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ಈ ಪಥ್ಯವನ್ನು ಕೈಗೊಳ್ಳುವವರಲ್ಲಿ ಬಹುಪಾಲು ಜನ ಯಾವುದೋ ಒಂದು ಮಾತ್ರೆಯ ಮೇಲೆ ಇರುವವರೇ.

ಪಿಷ್ಟ ಕಡಿಮೆಯಾದಾಗ ರಕ್ತದೊತ್ತಡ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಮಾತ್ರೆಯ ಪ್ರಮಾಣ ಇಂದು ಹೆಚ್ಚಾಗುತ್ತದೆ. ಮನೆಯಲ್ಲಿ ಯಂತ್ರವಿದ್ದರೆ ಐದು ನಿಮಿಷ ಮಲಗಿ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಆ ಅಂಕಿಗಳನ್ನು ಬರೆದುಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಥಯಜೈಡ್ ಗುಂಪಿನ ಔಷಧಗಳು ಸೋಡಿಯಮ್ಮನ್ನು ಇಳಿಸುವುದರಲ್ಲಿ ಹೆಸರಾದವು, ಅವುಗಳ ಜೊತೆ ಅತಿಯಾದ ನೀರು ಸೇರುವುದು ನಾವು ಬಹಳ ಎಚ್ಚರಿಕೆಯಿಂದ ನೋಡುವ ಜೋಡಿ. ಆರೋಗ್ಯವಂತರ ಮೂತ್ರಪಿಂಡಗಳೂ ಗಂಟೆಗೆ ಹೆಚ್ಚೆಂದರೆ 800 ಮಿಲಿಲೀಟರಿನಿಂದ ಒಂದು ಲೀಟರಿನಷ್ಟು ನೀರನ್ನು ಮಾತ್ರ ಹೊರಹಾಕಬಲ್ಲವು. ಈ ಔಷಧ ತೆಗೆದುಕೊಳ್ಳುವವರಲ್ಲಿ ಆ ಸಾಮರ್ಥ್ಯ ಇನ್ನೂ ಕುಗ್ಗಿರುತ್ತದೆ.

ಸಕ್ಕರೆ ಕಾಯಿಲೆಯವರು ಈ ಚರ್ಚೆಯನ್ನು ಓದುತ್ತಿದ್ದರೆ ಒಂದು ವಿಷಯವನ್ನು ಗಮನಿಸಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಅದರೊಂದಿಗೆ ನೀರನ್ನೂ ಸೆಳೆಯುತ್ತವೆ. ಇವುಗಳನ್ನು ನುಂಗುತ್ತಾ ಪಿಷ್ಟವನ್ನು ತೀರ ಕಡಿಮೆ ಮಾಡಿದರೆ ರಕ್ತದಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ಕೀಟೋನುಗಳು (ದೇಹ ಕೊಬ್ಬನ್ನು ಉರಿಸುವಾಗ ಹುಟ್ಟುವ ಆಮ್ಲಗಳು) ವಿಷಮಟ್ಟಕ್ಕೆ ಏರುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿದರೆ ಗ್ಲೂಕೋಮೀಟರ್ ತೋರಿಸುವ ಸಂಖ್ಯೆಯನ್ನು ನಂಬಿ ಮನೆಯಲ್ಲಿ ಕೂರಬಾರದು. ಇನ್ಸುಲಿನ್, ಗ್ಲಿಮೆಪಿರೈಡ್ ಬಳಸುವವರಿಗೆ ಸಕ್ಕರೆ ತೀರ ಇಳಿಯುವ ಭಯವಿದೆ. ಹೃದಯದ ವೈಫಲ್ಯ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಉಪ್ಪು, ನೀರು ಎರಡರ ಅಳತೆಯನ್ನೂ ಅವರ ವೈದ್ಯರೇ ಹೇಳಬೇಕು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಟೆಲ್ಮಿಸಾರ್ಟನ್‌ನಂಥ ಮಾತ್ರೆಯವರು ಅದನ್ನು ಕೇಳದೆ ಬಳಸಬಾರದು.

ಹರಿಹರದ ಮಿತ್ರರಿಗೆ ಒಂದು ಮಾತು: ರಕ್ತದೊತ್ತಡದವರು ಉಪ್ಪು ಮಿತಗೊಳಿಸಬೇಕೆಂಬುದು ಸರಿಯೇ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅದು ಸುಮಾರು ಒಂದು ಸಣ್ಣ ಚಮಚ. ಆದರೆ ಉಪ್ಪನ್ನು ಸೋಸಿ ಹೊರಹಾಕುವ ಮಾತ್ರೆ, ಪಥ್ಯ, ಬೇಸಿಗೆಯ ಬೆವರು ಮೂರೂ ಸೇರಿದವರು ಉಪ್ಪನ್ನು ಬಹುತೇಕ ಬಿಟ್ಟುಬಿಟ್ಟರೆ ಏನಾಗುತ್ತದೆಂಬುದಕ್ಕೆ ಮೇಲಿನ ಪ್ರಶ್ನೆಯೇ ನಿದರ್ಶನ.

ಉತ್ತರ 5 (ಜಗಳೂರು ತಾಲ್ಲೂಕಿನಿಂದ)

ಎಷ್ಟು ನೀರು ಎಂಬುದರ ಜೊತೆಗೆ ಯಾವ ನೀರು ಎಂಬುದನ್ನೂ ನಮ್ಮ ಸೀಮೆಯವರು ಕೇಳಿಕೊಳ್ಳಬೇಕು. ಚಿತ್ರದುರ್ಗ ಜಿಲ್ಲೆಯಲ್ಲೂ ನಮ್ಮ ತಾಲ್ಲೂಕಿನಲ್ಲೂ ಬಹಳ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ. ಮಿತಿಯ ಅಂಚಿನಲ್ಲಿರುವ ನೀರನ್ನು ಎರಡು ಲೀಟರ್ ಕುಡಿಯುವವನು ನಾಲ್ಕು ಲೀಟರಿಗೆ ಏರಿಸಿದರೆ ದೇಹಕ್ಕೆ ಸೇರುವ ಫ್ಲೋರೈಡೂ ಎರಡರಷ್ಟಾಗುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಳದಿಗಟ್ಟಿದ ಹಲ್ಲು, ಬಗ್ಗದ ಬೆನ್ನು, ಮಡಚಲಾಗದ ಮೊಣಕಾಲುಗಳನ್ನು ನಮ್ಮ ಹಳ್ಳಿಗಳಲ್ಲಿ ನೋಡುತ್ತಲೇ ಬೆಳೆದವನು ನಾನು, ಆದ್ದರಿಂದ ಇದನ್ನು ಹೇಳದೆ ಇರಲಾರೆ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ಕುಡಿಯುವವರಿಗೆ ಫ್ಲೋರೈಡಿನ ಭಯ ಕಡಿಮೆ. ಆದರೆ ಆ ನೀರಿನಲ್ಲಿ ಲವಣಗಳೂ ಬಹುತೇಕ ಹೋಗಿರುತ್ತವೆ, ಹಾಗಾಗಿ ಅವುಗಳನ್ನು ಊಟದಿಂದಲೇ ಪಡೆಯಬೇಕು. ಚಳ್ಳಕೆರೆಯ ಅಕ್ಕನವರ ಸೊಪ್ಪಿನ ಕಟ್ಟು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಋಣಿಯಾಗಿದ್ದೇನೆ. ಉತ್ತರ 2 ಮತ್ತು 4ನ್ನು ಓದಿದ ಮರುದಿನವೇ ವೈದ್ಯರ ಬಳಿಗೆ ಹೋದೆ. ಸೋಡಿಯಂ 129 ಬಂತು, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಸರಿಯಾಗಿದ್ದವು. ಮಲಗಿದ್ದಾಗ 118 ಇದ್ದ ಮೇಲಿನ ಅಂಕಿ ಎದ್ದು ನಿಂತಾಗ 94ಕ್ಕೆ ಇಳಿಯಿತು. ಇನ್ನೊಂದು ವಾರ ಹೀಗೆಯೇ ನೀರು ಕುಡಿದಿದ್ದರೆ ಆಸ್ಪತ್ರೆಗೆ ದಾಖಲಾಗಬೇಕಾಗುತ್ತಿತ್ತೆಂದು ಅವರು ಹೇಳಿದಾಗ ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮೂತ್ರ ಹೆಚ್ಚಿಸುವ ಔಷಧವಿದ್ದ ಜೋಡಿ ಮಾತ್ರೆಯನ್ನು ನಿಲ್ಲಿಸಿ ಟೆಲ್ಮಿಸಾರ್ಟನ್ ಒಂದನ್ನೇ ಬರೆದುಕೊಟ್ಟರು. ಬಾಯಾರಿದಾಗ ಮಾತ್ರ ನೀರು, ಸದ್ಯಕ್ಕೆ ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು, ಊಟದಲ್ಲಿ ಮನೆಮಂದಿಯಷ್ಟೇ ಉಪ್ಪು ಎಂದು ಹೇಳಿದರು. ಎರಡು ದಿನ ಬಿಟ್ಟು ಪರೀಕ್ಷೆ ಮಾಡಿಸಿದಾಗ 133 ಇತ್ತು, ಎಂಟನೆಯ ದಿನಕ್ಕೆ 137. ಈಗ ದಿನಕ್ಕೆ ಎರಡೂವರೆ ಲೀಟರಿನವರೆಗೆ ಅನುಮತಿ ಕೊಟ್ಟಿದ್ದಾರೆ, ಮಜ್ಜಿಗೆಯೂ ಸಾರೂ ಸೇರಿ.

ಪಥ್ಯವನ್ನು ಪೂರ್ತಿ ಬಿಡುವುದು ಬೇಡ, ಸಡಿಲಿಸಿ ಎಂದರು. ಹಾಗಾಗಿ ಮಧ್ಯಾಹ್ನ ಒಂದು ಜೋಳದ ರೊಟ್ಟಿ ಮರಳಿ ಬಂದಿದೆ. ರಾತ್ರಿ ಬಸ್ಸಾರು ಕುಡಿಯುತ್ತೇನೆ. ಮನೆಯವರು ಚಳ್ಳಕೆರೆಯ ಅಕ್ಕನವರಿಗೆ ವಿಶೇಷವಾಗಿ ವಂದನೆ ತಿಳಿಸಲು ಹೇಳಿದ್ದಾರೆ. ತಲೆಸುತ್ತು ನಾಲ್ಕನೆಯ ದಿನಕ್ಕೇ ನಿಂತಿತು, ಮೀನಖಂಡದ ಸೆಳೆತ ಒಂಬತ್ತು ದಿನಗಳಾದ ಮೇಲೆ ಮತ್ತೆ ಬಂದಿಲ್ಲ. ತೂಕ ಒಂದು ಕಿಲೋ ಮರಳಿ ಏರಿದೆ. ಅದು ನೀರೆಂದು ಗೊತ್ತಿರುವುದರಿಂದ ಚಿಂತಿಸುತ್ತಿಲ್ಲ.

ಉಳಿದಿರುವ ಒಂದೇ ತೊಂದರೆ ಮಲಬದ್ಧತೆ. ಇಸಬಗೋಲು ತೆಗೆದುಕೊಳ್ಳಬಹುದೇ? ನಮ್ಮ ಅಣ್ಣನಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ನೀರು ಕಡಿಮೆ ಮಾಡಿರುವುದರಿಂದ ನನಗೂ ಆದೀತೇ ಎಂಬ ಭಯವೂ ಇದೆ.

ಉತ್ತರ 1 ಬರೆದವರು (ಹರಿಹರದಿಂದ)

ನನ್ನ ಸಲಹೆಯನ್ನು ನೀವು ಪಾಲಿಸದೆ ಇದ್ದದ್ದು ಒಳ್ಳೆಯದಾಯಿತು. ನನಗೆ ಸರಿಹೋದದ್ದು ಎಲ್ಲರಿಗೂ ಸರಿಯೆಂದು ಬರೆದುಬಿಟ್ಟೆ, ಮಾತ್ರೆಯ ಹೆಸರನ್ನು ಗಮನಿಸಲೂ ಇಲ್ಲ. ಕ್ಷಮೆಯಿರಲಿ. ನನ್ನ ಸೋಡಿಯಮ್ಮನ್ನೂ ಈ ವಾರ ಪರೀಕ್ಷಿಸಿಕೊಳ್ಳುತ್ತೇನೆ.

ಉತ್ತರ 2 ಬರೆದವರು (ಪಥ್ಯಾಹಾರ ಸಲಹೆಗಾರ್ತಿ, ದಾವಣಗೆರೆ)

ನಿಮ್ಮ ಫಲಿತಾಂಶ ಓದಿ ನಿಜಕ್ಕೂ ನೆಮ್ಮದಿಯಾಯಿತು. ಇಸಬಗೋಲು ತೆಗೆದುಕೊಳ್ಳಬಹುದು. ಒಂದು ಚಮಚವನ್ನು ತುಂಬಿದ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ನೀರು ಸಾಲದಿದ್ದರೆ ಅದು ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಉಬ್ಬಿ ಕಟ್ಟಿಕೊಳ್ಳುತ್ತದೆ, ಮಲಬದ್ಧತೆ ಇನ್ನೂ ಹೆಚ್ಚುತ್ತದೆ. ರಕ್ತದೊತ್ತಡದ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ಆ ಲೋಟವನ್ನೂ ನಿಮ್ಮ ಎರಡೂವರೆ ಲೀಟರಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಲ್ಲಿನ ಭಯ ಸುಳ್ಳಲ್ಲ. ಪಿಷ್ಟವನ್ನು ಬಹಳ ಕಡಿಮೆ ಮಾಡುವವರಲ್ಲಿ ಕಲ್ಲಾಗುವ ಸಾಧ್ಯತೆ ಸ್ವಲ್ಪ ಹೆಚ್ಚು, ಬೆವರಿನಿಂದ ಮೂತ್ರ ಕಡಿಮೆಯಾಗುವ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಸಕ್ಕರೆ ಹಾಕದೆ ಅರ್ಧ ನಿಂಬೆಹಣ್ಣಿನ ರಸವನ್ನು ದಿನಕ್ಕೆರಡು ಬಾರಿ ನೀರಿಗೆ ಹಿಂಡಿಕೊಂಡು ಕುಡಿಯಿರಿ. ಅದರ ಸಿಟ್ರೇಟ್ ಕಲ್ಲು ಗಟ್ಟಿಯಾಗುವುದನ್ನು ತಡೆಯಲು ನೆರವಾಗುತ್ತದೆ, ಪಿಷ್ಟಾಂಶವೂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಎರಡೂವರೆ ಲೀಟರನ್ನು ಮೀರುವ ಮುನ್ನ ಮಾತ್ರ ನಿಮ್ಮ ವೈದ್ಯರನ್ನು ಕೇಳಿ, ಮತ್ತು ಮುಂದಿನ ಭೇಟಿಯಲ್ಲಿ ಅಣ್ಣನವರ ಕಲ್ಲಿನ ವಿಷಯವನ್ನು ತಪ್ಪದೆ ತಿಳಿಸಿ. ಬಸ್ಸಾರಿಗೆ ಪಾಲಕ್ ಸೊಪ್ಪನ್ನು ದಿನವೂ ಬಳಸಬೇಡಿ, ಅದರಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಬಹಳ. ಮೆಂತ್ಯದ ಸೊಪ್ಪು ಮತ್ತು ಸಬ್ಬಸಿಗೆಯನ್ನು ಸರದಿಯಂತೆ ಹಾಕಿ.